ತುಲಾಮಾಸದ ಕಾಯಿಪಲ್ಯ: ಮುಂಗಡದ ಹಣ ಯಾರನ್ನು ಕಟ್ಟಬೇಕು?

ಓಣಂ ಕಳೆಯಿತೆಂದರೆ ವಯನಾಡಿನ ತರಕಾರಿ ಬೆಳೆಗಾರನಿಗೆ ಒಂದು ವಿಚಿತ್ರವಾದ ಕಾಲ ಬರುತ್ತದೆ. ಹಬ್ಬದ ಹಿಂದಿನ ದಿನಗಳಲ್ಲಿ ನೇಂದ್ರ ಬಾಳೆಗೂ ಬೂದುಗುಂಬಳಕ್ಕೂ ಅಲಸಂದೆಗೂ ಕೈಚಾಚಿ ನಿಂತಿದ್ದ ಪೇಟೆಯು ಹಬ್ಬ ಮುಗಿದ ಮಾರನೆಯ ವಾರವೇ ಮೋರೆ ತಿರುವುವುದುಂಟು. ಆದರೆ ಬಳ್ಳಿಗೆ ಪಂಚಾಂಗ ತಿಳಿಯದಷ್ಟೆ. ಚಪ್ಪರದ ಹಾಗಲ ಹೂ ಬಿಡುತ್ತಲೇ ಇರುತ್ತದೆ, ಅಲಸಂದೆ ಕಾಯಿ ಇಳಿಸುತ್ತಲೇ ಇರುತ್ತದೆ, ನೆಲದೊಳಗೆ ಕೆಸುವಿನ ಗೆಡ್ಡೆ ಬಲಿಯುತ್ತಲೇ ಇರುತ್ತದೆ. ಹಬ್ಬವಾದರೂ ವರ್ಷ ವರ್ಷವೂ ಒಂದೇ ತಾರೀಖಿಗೆ ಬರುವಂತಿಲ್ಲ. ತಿರುವೋಣವು 2023ರಲ್ಲಿ ಆಗಸ್ಟ್ 29ಕ್ಕೆ ಬಂತು, 2024ರಲ್ಲಿ ಸೆಪ್ಟೆಂಬರ್ 15ಕ್ಕೆ ಬಂತು, 2025ರಲ್ಲಿ ಸೆಪ್ಟೆಂಬರ್ 5ಕ್ಕೆ ಬಂತು. ತಿಂಗಳುಗಟ್ಟಲೆ ಮೊದಲೇ ಬಾಳೆಯ ಕಂದು ನೆಟ್ಟವನು ಗೊನೆಯನ್ನು ಹದಿನೈದು ದಿನ ಹಿಂದಕ್ಕೂ ಮುಂದಕ್ಕೂ ತಳ್ಳಬಲ್ಲನೆ?

ಹೀಗೆ ಹಬ್ಬದ ಗಿರಾಕಿ ಮನೆಗೆ ಹೋದ ಮೇಲೆ ಬರುವ ಶರತ್ಕಾಲದ ಕೊಯ್ಲನ್ನು ಯಾರು ತಿನ್ನಬೇಕು, ಅದು ಕೊಳೆತರೆ ನಷ್ಟವನ್ನು ಯಾರು ಹೊರಬೇಕು ಎಂಬುದೇ ಈ ವಾರ ನಮ್ಮ ಕೃಷಿ ಪುಟದ ವಿಚಾರ. ಹೊರದೇಶಗಳಲ್ಲಿ ಇದಕ್ಕೆಂದೇ ಒಂದು ಏರ್ಪಾಡು ನಡೆದುಬಂದಿದೆ. ಉಣ್ಣುವ ಮನೆಗಳು ಬೇಸಾಯದ ಮೊದಲಿಗೇ ಹಣ ಕೊಟ್ಟು ತೋಟದಲ್ಲಿ ಪಾಲು ಹಿಡಿಯುತ್ತವೆ. ಆಮೇಲೆ ವಾರಕ್ಕೊಮ್ಮೆ ತೋಟ ಕೊಟ್ಟಷ್ಟನ್ನು ಬುಟ್ಟಿಯಲ್ಲಿ ಒಯ್ಯುತ್ತವೆ. ಇದನ್ನು ಪಾಲಿನ ತೋಟ ಎಂದು ಕರೆಯೋಣ. ವಯನಾಡಿನಂಥ ನೆಲಕ್ಕೆ ಇದು ಒಗ್ಗೀತೇ ಎಂದು ನೋಡುವ ಮೊದಲು ಅಲ್ಲಿಯ ನೆಲವನ್ನೂ ಕೊಯ್ಲನ್ನೂ ಸ್ವಲ್ಪ ತಿಳಿದುಕೊಳ್ಳಬೇಕು.

ವಯನಾಡು 1980ರ ನವೆಂಬರ್ 1ರಂದು ಪ್ರತ್ಯೇಕ ಜಿಲ್ಲೆಯಾಯಿತು. ಘಟ್ಟದ ಮೇಲಣ ಈ ನಾಡಿನ ಬಹುಭಾಗ ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿದೆ. ನೀರು ಹರಿಯುವುದು ಹೆಚ್ಚಾಗಿ ಪೂರ್ವಕ್ಕೆ. ಮಾನಂದವಾಡಿಯ ಹೊಳೆಯೂ ಪನಮರದ ಹೊಳೆಯೂ ಕೂಡಿ ಕಬಿನಿಯಾಗಿ ನಮ್ಮ ಹೆಗ್ಗಡದೇವನಕೋಟೆಗೆ ಇಳಿಯುತ್ತವೆ. ವಯಲು ಎಂದರೆ ಗದ್ದೆ. ಗದ್ದೆಗಳ ನಾಡೇ ವಯನಾಡು ಎಂದು ಹೇಳುವವರು ಹೆಚ್ಚು. ತಗ್ಗಿನ ವಯಲಿನಲ್ಲಿ ಭತ್ತ, ಮೇಲಿನ ದಿಬ್ಬದಲ್ಲಿ ಮನೆ, ಮನೆಯ ಸುತ್ತ ಕಾಫಿ, ಮೆಣಸು, ಅದರ ನಡುವೆ ಗೆಡ್ಡೆಗೆಣಸು ಕಾಯಿಪಲ್ಯ. ಇದು ಹಳೆಯ ಕ್ರಮ. ಭತ್ತದ ಗದ್ದೆಗಳು ಬಾಳೆಗೂ ಶುಂಠಿಗೂ ಮನೆಕಟ್ಟಡಕ್ಕೂ ಸಂದುಹೋಗುತ್ತ ಬಂದುದರಿಂದ ಅವುಗಳ ರಕ್ಷಣೆಗಾಗಿ ಕೇರಳ ಸರಕಾರವು 2008ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು.

ಜೂನಿನಿಂದ ಸುರಿದ ಮಳೆ ಸೆಪ್ಟೆಂಬರಿಗೆ ಸಡಿಲವಾಗುತ್ತದೆ. ಆಮೇಲೆ ಬರುವುದು ತುಲಾವರ್ಷ. ಬೆಳಗ್ಗೆ ಒಳ್ಳೆಯ ಬಿಸಿಲು, ಮಧ್ಯಾಹ್ನ ತಿರುಗುತ್ತಲೇ ಗುಡುಗು ಮಿಂಚು, ಸಂಜೆಗೆ ಜಡಿಮಳೆ. ತುಲಾಮಾಸದ ಹತ್ತನೆಯ ದಿನವನ್ನು ಕುರಿಚ್ಯರೂ ಮುಳ್ಳುಕುರುಮರೂ ತುಲಾಪ್ಪತ್ತು ಎಂದು ಆಚರಿಸುತ್ತಾರೆ. ನಮ್ಮವರು ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿ ಬಂದ ಹತ್ತು ದಿನಕ್ಕೆ ಅದು ಬೀಳುತ್ತದೆಂದರೆ ಓದುಗರಿಗೆ ಲೆಕ್ಕ ಸಿಕ್ಕೀತು.

ಈ ಕಾಲದ ಕೊಯ್ಲಿಗೆ ಮೊದಲ ನಿಯಮವನ್ನು ಈ ಮಳೆಯೇ ಹಾಕಿಕೊಡುತ್ತದೆ. ಇಬ್ಬನಿ ಆರಿದ ಮೇಲೆ ಕೈಹಾಕಬೇಕು, ಮಧ್ಯಾಹ್ನದ ಮೋಡ ಕಟ್ಟುವುದರೊಳಗೆ ಮುಗಿಸಬೇಕು. ಒದ್ದೆಯಾದ ಅಲಸಂದೆಯನ್ನು ಗೋಣಿಗೆ ತುಂಬಿದರೆ ಮರುದಿನಕ್ಕೆ ಬೆವೆತು ಲೋಳೆಗಟ್ಟುತ್ತದೆ. ಅಲಸಂದೆಯನ್ನು ದಿನ ಬಿಟ್ಟು ದಿನ ಕೊಯ್ಯಬೇಕು. ಒಂದು ಸಲ ತಪ್ಪಿದರೆ ಕಾಳು ಬಲಿತು ಸಿಪ್ಪೆ ನಾರಾಗುವುದಲ್ಲದೆ ಬಳ್ಳಿಯೂ ಹೊಸ ಹೂ ಬಿಡಲು ಸೋಮಾರಿಯಾಗುತ್ತದೆ. ಹಾಗಲಕ್ಕೆ ಈ ಕಾಲದಲ್ಲಿ ಹಣ್ಣುನೊಣದ ಕಾಟ ಬಲು ಹೆಚ್ಚು. ಎಳೆಗಾಯಿಗೇ ಕಾಗದದ ಚೀಲ ಕಟ್ಟುವುದು ಬೇಸರದ ಕೆಲಸವೆಂದು ಕಂಡರೂ ಮನೆಮಂದಿ ಕೈಸೇರಿಸಿದರೆ ಆಗದ ಕೆಲಸವಲ್ಲ. ನೊಣ ಚುಚ್ಚಿ ಹಳದಿಗಟ್ಟಿದ ಕಾಯನ್ನು ಬುಡದಲ್ಲೇ ಎಸೆಯಬಾರದು. ಆರಿಸಿ ಸುಡಬೇಕು, ಇಲ್ಲವೆ ಆಳವಾಗಿ ಹೂಳಬೇಕು.

ಬೂದುಗುಂಬಳವು ಪಾಲಿನ ತೋಟದ ದೊಡ್ಡ ಆಸ್ತಿ. ಮೈಮೇಲೆ ಬಿಳಿಯ ಬೂದಿ ಚೆನ್ನಾಗಿ ಹೊಮ್ಮಿದ ಮೇಲೆ ತೊಟ್ಟು ಸಮೇತ ಕತ್ತರಿಸಿ, ನೆಲಕ್ಕೆ ತಾಗದಂತೆ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ತೊಟ್ಟು ಮುರಿದದ್ದನ್ನೂ ಪೆಟ್ಟುಬಿದ್ದದ್ದನ್ನೂ ಮೊದಲ ವಾರದ ಬುಟ್ಟಿಗೆ ಹಾಕಬೇಕು, ಗಟ್ಟಿಯಾದುದನ್ನು ಬಡವಾರಗಳಿಗೆ ಉಳಿಸಬೇಕು. ಕಾಸರಗೋಡು ಕಡೆಯ ಮನೆಗಳಲ್ಲಿ ಬಣ್ಣದ ಸೌತೆಯನ್ನು ತೆಂಗಿನ ಗರಿಯ ಪಟ್ಟಿಯಲ್ಲಿ ಕಟ್ಟಿ ಮಾಡಿಗೆ ತೂಗುಹಾಕಿ ಮಳೆಗಾಲ ಕಳೆಯುತ್ತಿದ್ದುದನ್ನು ನೆನೆದರೆ ಇದರ ಗುಟ್ಟು ಹೊಸದೇನಲ್ಲ. ಸಿಹಿಗುಂಬಳಕ್ಕೂ ಇದೇ ಕ್ರಮ.

ಕೆಸುವಿನ ಗೆಡ್ಡೆ ಮುಂಗಾರಿಗೆ ನೆಟ್ಟದ್ದು ಐದಾರು ತಿಂಗಳಿಗೆ ಬರುವುದರಿಂದ ತುಲಾಮಾಸವೇ ಅದರ ಕಾಲ. ಸುವರ್ಣಗೆಡ್ಡೆಗೆ ಇನ್ನೂ ತುಸು ಕಾಯಬೇಕು. ಎಲೆ ಹಳದಿಗಟ್ಟಿ ದಂಟು ತಾನಾಗಿ ಮಗುಚಿದ ಮೇಲೆ ಅಗೆಯಬೇಕು. ಗುದ್ದಲಿ ತಾಗಿ ಗಾಯವಾದ ಗೆಡ್ಡೆ ಕೊಳೆಯುವುದು ಬೇಗ. ಕೈ ತುರಿಕೆಗೆ ಎಣ್ಣೆ ಸವರಿಕೊಳ್ಳಿರೆಂದು ಹೇಳಬೇಕಾಗಿಲ್ಲ, ಅದನ್ನು ಅಗೆದವರೆಲ್ಲ ಒಮ್ಮೆಗೇ ಕಲಿತಿರುತ್ತಾರೆ. ಇದೇ ಅಕ್ಟೋಬರಿನಲ್ಲಿ ಕೋಸು, ಹೂಕೋಸು ಮೊದಲಾದ ತಂಪುಗಾಲದ ಸಸಿಗಳನ್ನು ನೆಟ್ಟರೆ ಗೆಡ್ಡೆ ಮುಗಿಯುವ ವೇಳೆಗೆ ಬುಟ್ಟಿಗೆ ಬೇರೆ ರುಚಿ ಬಂದೀತು. ಇನ್ನು ಬಿತ್ತದೆ ಬರುವ ಬೆಳೆಯೂ ಒಂದುಂಟು. ವಯಲಿನ ಬದುಗಳಲ್ಲಿ ಒಂದೆಲಗ, ಹೊನಗೊನ್ನೆ, ತಗಟೆ, ಕಾಡುಕೆಸು ಮುಂತಾದ ಸೊಪ್ಪುಗಳನ್ನು ಪಣಿಯರ ಮತ್ತು ಕಾಟ್ಟುನಾಯ್ಕರ ಹೆಂಗಸರು ಬಲ್ಲಷ್ಟು ಯಾವ ಕೃಷಿ ಅಧಿಕಾರಿಯೂ ಬಲ್ಲನೆಂದು ನಾವು ನಂಬುವುದಿಲ್ಲ. ಕಳೆನಾಶಕ ಹೊಡೆದ ಬದುವಿನಲ್ಲಿ ಮೊದಲು ಕಾಣೆಯಾಗುವುದು ಈ ಸೊಪ್ಪೇ.

ಇಷ್ಟೆಲ್ಲ ಬೆಳೆದರೂ ವಯನಾಡಿನ ಪೇಟೆಗೆ ತರಕಾರಿ ಎಲ್ಲಿಂದ ಬರುತ್ತದೆ? ಗುಂಡ್ಲುಪೇಟೆ, ತೆರಕಣಾಂಬಿಯ ಮಾರುಕಟ್ಟೆಗಳಿಂದ ಲಾರಿಗಳು ಬಂಡೀಪುರ ದಾಟಿ ಮುತ್ತಂಗದ ಮೂಲಕ ಬರುತ್ತವೆ. 2009ರಿಂದ ಕಾಡಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರ ತನಕ ಸಂಚಾರ ನಿಷೇಧವಿರುವುದರಿಂದ ಲಾರಿಯವನಿಗೆ ಗಡಿಯಾರದ ಮೇಲೆಯೇ ಕಣ್ಣು. ನಮ್ಮ ಗಡಿಯವರಿಗೆ 2020ರ ಮಾರ್ಚ್ ತಿಂಗಳು ಮರೆತಿರಲಾರದು. ಕೋವಿಡ್ ರೋಗದ ಭಯದಿಂದ ಕರ್ನಾಟಕವು ಗಡಿರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು, ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಡುಗೆಮನೆಯ ಒಲೆ ಇನ್ನೊಂದು ರಾಜ್ಯದ ರಸ್ತೆಯನ್ನು ನಂಬಿಕೊಂಡಿದೆ ಎಂಬುದು ಕೇರಳದವರಿಗೆ ಆಗ ಚೆನ್ನಾಗಿ ಅರಿವಾಯಿತು. ತರಿಸುಭೂಮಿಯಲ್ಲೂ ಬೆಳೆ ತೆಗೆಯಬೇಕೆಂಬ ‘ಸುಭಿಕ್ಷ ಕೇರಳಂ’ ಯೋಜನೆ ಆ ವರ್ಷವೇ ಹೊರಟಿತು.

ಅದೇ ವರ್ಷದ ನವೆಂಬರ್ 1ರಿಂದ ಕೇರಳ ಸರಕಾರ 16 ಬಗೆಯ ತರಕಾರಿ ಹಣ್ಣುಗಳಿಗೆ ತಳಬೆಲೆ ಕಟ್ಟಿತು. ದೇಶದಲ್ಲಿ ಇಂಥದು ಇದೇ ಮೊದಲು. ಬೆಳೆಯುವ ಖರ್ಚಿನ ಮೇಲೆ ಶೇಕಡಾ 20 ಸೇರಿಸಿ ದರ ಗೊತ್ತುಮಾಡಿದರು. ಕಿಲೋ ಒಂದಕ್ಕೆ ಹಾಗಲಕ್ಕೆ 30 ರೂಪಾಯಿ, ಅಲಸಂದೆಗೆ 34, ಬೂದುಗುಂಬಳಕ್ಕೆ 9, ಸೌತೆಗೆ 8, ಟೊಮೇಟೊಗೆ 8, ಮರಗೆಣಸಿಗೆ 12. ನೇಂದ್ರ ಬಾಳೆಗೆ 30; ಆದರೆ ವಯನಾಡಿನ ನೇಂದ್ರಕ್ಕೆ ಬೇರೆಯೇ ದರ, 24. ಸರಕಾರದ ನಡೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಟೊಮೇಟೊವನ್ನು ರಸ್ತೆಗೆ ಸುರಿಯುವುದನ್ನು ಕಂಡ ನಮ್ಮ ಕಡೆಯ ರೈತನಿಗೆ ಅದು ಹೊಟ್ಟೆಕಿಚ್ಚು ತರುವಂಥದೇ ಸರಿ. ಆದರೆ ತಳಬೆಲೆ ಎಂಬುದು ಕೊಯ್ದ ಕಾಯಿಗೆ ಮಾತ್ರ. ತುಲಾವರ್ಷಕ್ಕೆ ಚಪ್ಪರವೇ ಮಗುಚಿ ಕೊಯ್ಯಲು ಕಾಯೇ ಇಲ್ಲದಾದರೆ ಅದು ಯಾವ ಕೆಲಸಕ್ಕೂ ಬಾರದು.

ಪಾಲಿನ ತೋಟ ಬೇರೆಯಾಗಿ ನಿಲ್ಲುವುದು ಇಲ್ಲಿಯೇ. ಅಮೆರಿಕದ ಮಸಾಚುಸೆಟ್ಸಿನಲ್ಲಿ 1985ರ ಶರತ್ಕಾಲದಲ್ಲಿ ಕೆಲವರು ಒಂದು ಸೇಬಿನ ತೋಟದ ಫಲವನ್ನು ಸುಮಾರು 30 ಮನೆಗಳಿಗೆ ಪಾಲು ಹಂಚಿ ಪ್ರಾರಂಭಿಸಿದರು. ಮರುವರ್ಷ ಅಲ್ಲಿಯ ಇಂಡಿಯನ್ ಲೈನ್ ಎಂಬ ತೋಟದಲ್ಲಿ ತರಕಾರಿಯ ಪಾಲು ಮೊದಲಾಯಿತು. ಅದೇ 1986ರಲ್ಲಿ ನ್ಯೂ ಹ್ಯಾಂಪ್‌ಶೈರಿನ ಟೆಂಪಲ್–ವಿಲ್ಟನ್ ತೋಟದವರು ಮತ್ತೊಂದು ಹೆಜ್ಜೆ ಮುಂದೆ ಹೋದರು. ಅವರು ತೋಟದ ಇಡೀ ವರ್ಷದ ಖರ್ಚನ್ನು ಸಭೆಯ ಮುಂದಿಟ್ಟು, ಪ್ರತಿ ಮನೆಯೂ ತನ್ನ ಶಕ್ತಿಯಷ್ಟು ಹೇಳಲಿ, ಒಟ್ಟು ಖರ್ಚು ತುಂಬಿದರೆ ಸಾಕು ಎಂದರು. ಜಪಾನಿನಲ್ಲಿ ಇದಕ್ಕೂ ಮೊದಲೇ, 1971ರಲ್ಲಿ ಹುಟ್ಟಿದ ಸಾವಯವ ಕೃಷಿ ಸಂಘದ ಆಶ್ರಯದಲ್ಲಿ, ಬೆಳೆಗಾರರೂ ಗೃಹಿಣಿಯರೂ ನೇರವಾಗಿ ಕೈಕೂಡಿಸಿದರು. ‘ತೇಕೇ’ ಎಂಬ ಆ ಕೂಟಕ್ಕೆ 1978ರಲ್ಲಿ ಹತ್ತು ನಿಯಮಗಳನ್ನು ಬರೆದುಕೊಂಡರು. ಬೆಳೆದದ್ದನ್ನೆಲ್ಲ ಉಣ್ಣುವವರು ಸ್ವೀಕರಿಸಬೇಕೆಂಬುದು ಅವುಗಳಲ್ಲೊಂದು.

ಮುಂಗಡ ಕೊಡುವುದೆಂದರೆ ವಯನಾಡಿಗೆ ಹೊಸತಲ್ಲ. ಆದರೆ ಅಲ್ಲಿ ಅದರ ಚರಿತ್ರೆ ಕಹಿ. ಮಾನಂದವಾಡಿಯ ಬಳಿಯ ವಳ್ಳಿಯೂರ್‌ಕಾವಿನ ದೇವಿಯ ಜಾತ್ರೆ ಮೀನ ಮಾಸದಲ್ಲಿ, ಅಂದರೆ ಮಾರ್ಚ್ ತಿಂಗಳಲ್ಲಿ ನಡೆಯುತ್ತದೆ. ಒಂದು ಕಾಲದಲ್ಲಿ ಜಮೀನುದಾರರು ಅಲ್ಲಿಗೆ ಬಂದು ಪಣಿಯರಿಗೂ ಅಡಿಯರಿಗೂ ‘ನಿಲ್ಪುಪಣ’ವೆಂಬ ಸ್ವಲ್ಪ ಹಣ ಕೊಡುತ್ತಿದ್ದರು. ಅದನ್ನು ಹಿಡಿದವನು ಮುಂದಿನ ಜಾತ್ರೆಯ ತನಕ ಆ ಒಡೆಯನ ಗದ್ದೆ ಬಿಟ್ಟು ಕದಲುವಂತಿರಲಿಲ್ಲ. ಕೂಲಿಯೆಂದು ಭತ್ತದ ‘ವಳ್ಳಿ’ ಅಳೆಯುತ್ತಿದ್ದರು. ಈ ಅಡಿಯರೇ ಕೊಡಗಿನಲ್ಲಿ ಯರವರು. 1975ರ ಅಕ್ಟೋಬರಿನ ಸುಗ್ರೀವಾಜ್ಞೆ, 1976ರ ಕಾಯಿದೆ ಇವುಗಳಿಂದ ದೇಶದಲ್ಲೆಲ್ಲ ಜೀತ ನಿಷಿದ್ಧವಾಯಿತು. ಇಂದು ವ್ಯಾಪಾರಿಯು ಗೊಬ್ಬರಕ್ಕೋ ಬೀಜಕ್ಕೋ ಕೊಡುವ ಮುಂಗಡದಲ್ಲಿಯೂ ಆ ಹಳೆಯ ದಾರದ ಎಳೆ ಇಲ್ಲದಿಲ್ಲ. ಸಾಲ ಕೊಟ್ಟವನಿಗೇ ಕಾಯಿ ಹಾಕಬೇಕು, ದರ ಅವನು ಹೇಳಿದ್ದು. ಪಾಲಿನ ತೋಟದಲ್ಲಿ ಈ ಹಗ್ಗದ ಗಂಟು ತಿರುಗುಮುರುಗಾಗುತ್ತದೆ. ಮುಂಗಡ ಕೊಟ್ಟ ಮನೆಯೇ ಕಟ್ಟುಬೀಳುತ್ತದೆ: ಹಾಗಲ ಕೈಕೊಟ್ಟರೆ ಗೆಡ್ಡೆ ತಿನ್ನಬೇಕು, ಗೆಡ್ಡೆಯೂ ಕೊಳೆತರೆ ಸೊಪ್ಪು ತಿನ್ನಬೇಕು, ಹಣ ವಾಪಸು ಕೇಳುವಂತಿಲ್ಲ. ಪೇಟೆಯ ಮನೆಯವರು ಇದಕ್ಕೆ ಒಪ್ಪುತ್ತಾರೆಯೇ? ಒಪ್ಪದಿದ್ದರೆ ಬುಟ್ಟಿಗೆ ಎಷ್ಟೇ ಚಂದದ ಹೆಸರಿಟ್ಟರೂ ಅದು ಹಳೆಯ ವ್ಯಾಪಾರವೇ.

ವಯನಾಡಿನಲ್ಲಿ ಇದಕ್ಕೆ ಅತಿ ಸಮೀಪವಾದ ಅಡಿಪಾಯವೆಂದರೆ ಕುಟುಂಬಶ್ರೀ. 1998ರಲ್ಲಿ ಮೊದಲಾದ ಈ ಮಹಿಳಾ ಸಂಘಟನೆಯ ಆಶ್ರಯದಲ್ಲಿ ನಾಲ್ವರಿಂದ ಹತ್ತು ಮಂದಿ ಹೆಂಗಸರು ಗುಂಪುಗೂಡಿ, ಹೆಚ್ಚಾಗಿ ಬೇರೆಯವರ ನೆಲದಲ್ಲಿ, ಕೂಡಿ ಬೇಸಾಯ ಮಾಡುತ್ತಾರೆ. ಗುಂಪಿನ ಜಂಟಿ ಹೊಣೆಯ ಮೇಲೆ ಬ್ಯಾಂಕು ಸಾಲ ಕೊಡುವುದರಿಂದ ಪಟ್ಟೆಯ ಕಾಗದ ಬೇಕಾಗಿಲ್ಲ. ಇದು ಸಣ್ಣ ಮಾತಲ್ಲ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ರದ್ದಾಗಿ, ಹೊಸದಾಗಿ ಗೇಣಿಗೆ ಕೊಡುವುದೂ ಕಾನೂನಿಗೆ ಹೊರತಾದ್ದರಿಂದ ಬಾಯಿಮಾತಿನ ಮೇಲೆ ನೆಲ ಹಿಡಿದವರ ಕೈಯಲ್ಲಿ ಪುರಾವೆ ಏನೂ ಇರುವುದಿಲ್ಲ. ಶುಂಠಿ ಬೆಳೆಯುವ ಎಷ್ಟೋ ವಯನಾಡಿಗರು ಕರ್ನಾಟಕಕ್ಕೆ ಬಂದು ನೆಲ ಹಿಡಿಯುವುದನ್ನು ನಮ್ಮ ಓದುಗರು ಕಂಡೇ ಇದ್ದಾರೆ. ತಮ್ಮೂರಲ್ಲೇ ನಿಂತು ತರಕಾರಿ ಬೆಳೆಯುವ ಹೆಂಗಸರಿಗೆ ಆ ದಾರಿಯೂ ಇಲ್ಲ.

ತಿರುನೆಲ್ಲಿಯ ಇರುಂಬುಪಾಲದಲ್ಲಿ ವೇಟ್ಟಕುರುಮ ಪಂಗಡದ ಹೆಂಗಸರು ಕುಟುಂಬಶ್ರೀಯ ನೆರವಿನಿಂದ 2022ರಲ್ಲಿ ‘ನೂರಾಂಗ್’ ಎಂಬ ಗೆಡ್ಡೆಗಳ ತೋಟ ಹಾಕಿದರು. ನೂರಕ್ಕೂ ಹೆಚ್ಚು ಬಗೆಯ ಗೆಡ್ಡೆಗೆಣಸುಗಳನ್ನು ಅಲ್ಲಿ ಕೂಡಿಹಾಕಿದ್ದಾರೆ. ವೇಟ್ಟಕುರುಮರೆಂದರೆ ನಮ್ಮ ಬೆಟ್ಟಕುರುಬರ ನಂಟರು. ನೂರಾಂಗ್ ಎಂದರೆ ಅವರ ಮಾತಿನಲ್ಲಿ ಗೆಡ್ಡೆ. ಹೆಗ್ಗಡದೇವನಕೋಟೆಯ ಕಾಡಿನಂಚಿನವರು ಕಾಡುಗೆಣಸಿಗೆ ‘ನೂರೆ’ ಎನ್ನುವುದನ್ನು ಕೇಳಿದವರಿಗೆ ಈ ಹೆಸರು ಪರಕೀಯವೆನಿಸಲಾರದು. ಇಲ್ಲಿಯ ಮುಖ್ಯ ಕೆಲಸ ತಳಿಯ ರಕ್ಷಣೆಯೇ ಹೊರತು ಬುಟ್ಟಿ ಹಂಚುವುದಲ್ಲ. ಆದರೂ ಪಾಲಿನ ತೋಟ ಕಟ್ಟುವವರು ಮೊದಲು ನೋಡಬೇಕಾದ್ದು ಇಂಥ ನೆಲವನ್ನು. ಏಕೆಂದರೆ ಮಳೆಯ ಪೆಟ್ಟಿಗೆ ಚಪ್ಪರದ ಬೆಳೆ ಹೋದಾಗ ನೆಲದೊಳಗೆ ಉಳಿಯುವುದು ಗೆಡ್ಡೆಯೇ.

ಮಳೆಯ ಪೆಟ್ಟು ಎಂದೆವು. 2018ರ ಆಗಸ್ಟಿನ ನೆರೆ, 2019ರ ಆಗಸ್ಟ್ 8ರ ಪುತ್ತುಮಲ, 2024ರ ಜುಲೈ 30ರ ಮುಂಡಕ್ಕೈ–ಚೂರಲ್‌ಮಲ. ಈ ಜಿಲ್ಲೆಯಲ್ಲಿ ಈಗ ಮುಂಗಾರನ್ನು ಎದುರುನೋಡುವ ಬಗೆಯೇ ಬದಲಾಗಿದೆ. ಊರುಗಳೇ ಹೋದ ಕಡೆ ಹಾಗಲದ ಚಪ್ಪರದ ಮಾತು ಆಡುವುದು ಉಚಿತವಲ್ಲ. ಆದರೆ ಬದುಕುಳಿದ ಹೊಲದವನು ಮುಂದಿನ ಬೀಜಕ್ಕೆ ದುಡ್ಡೆಲ್ಲಿಂದ ತರಬೇಕೆಂಬ ಪ್ರಶ್ನೆ ಅಲ್ಲಿಯೂ ಇದೆ.

ಈಗ ಒಂದು ಲೆಕ್ಕ ಹಾಕೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2024ರ ಸೂಚನೆಯಲ್ಲಿ ತಲೆಗೆ ದಿನಕ್ಕೆ 400 ಗ್ರಾಂ ತರಕಾರಿ ಬೇಕೆನ್ನುತ್ತಾರೆ. ನಾಲ್ವರ ಮನೆಗೆ ವಾರಕ್ಕೆ 11 ಕಿಲೋ ಆಯಿತು. ಅಷ್ಟನ್ನೂ ಒಂದೇ ತೋಟ ಕೊಡುತ್ತೇನೆಂದು ಹೊರಡುವುದು ಅವಿವೇಕ. 5 ಕಿಲೋ ಕೊಟ್ಟರೆ ಸಾಕೆನ್ನೋಣ: ಹಾಗಲ 1, ಅಲಸಂದೆ 1, ಬೂದುಗುಂಬಳ 2, ಸೌತೆ 1. 2020ರ ತಳಬೆಲೆಯ ಪ್ರಕಾರ ಆ ಬುಟ್ಟಿಗೆ 90 ರೂಪಾಯಿ. 30 ಮನೆ, 12 ವಾರ ಎಂದರೆ 1,800 ಕಿಲೋ ಕಾಯಿ, 32,400 ರೂಪಾಯಿ. ವಾರಕ್ಕೆ 2,700. ನಾಲ್ವರು ಹೆಂಗಸರ ಗುಂಪಾದರೆ ತಲೆಗೆ ವಾರಕ್ಕೆ 675 ರೂಪಾಯಿ. ಅದರಲ್ಲೇ ಗೊಬ್ಬರ, ಚಪ್ಪರದ ಗಳ, ಸಾಗಾಟ ಎಲ್ಲವೂ ಕಳೆಯಬೇಕು. ಹೊರಗೆ ಕೂಲಿಗೆ ಹೋದವಳು ಎರಡು ದಿನಕ್ಕೆ ಇಷ್ಟು ತರಬಲ್ಲಳು.

ಆದುದರಿಂದ ತಳಬೆಲೆಯ ಪಟ್ಟಿ ಹಿಡಿದು ಪಾಲಿನ ದರ ಕಟ್ಟಿದರೆ ತೋಟ ಎರಡನೆಯ ವರ್ಷ ಕಾಣದು. ಮೊದಲು ಕೆಲಸದ ದಿನಗಳನ್ನು ಎಣಿಸಿ, ಒಪ್ಪುವ ಕೂಲಿ ಹಾಕಿ, ಬೀಜ ಗೊಬ್ಬರ ಸೇರಿಸಿ, ಆ ಮೊತ್ತವನ್ನು ಮನೆಗಳ ಮುಂದೆ ಬಿಚ್ಚಿಡಬೇಕು. ಟೆಂಪಲ್–ವಿಲ್ಟನಿನವರಿಂದ ಕಲಿಯಬೇಕಾದುದು ಇದೊಂದೇ. ಒಂದೇ ಸಲಕ್ಕೆ ಹಣ ಕೊಡಲಾಗದ ಮನೆಗೆ ಕಂತು ಇರಲಿ. ಅದೂ ಆಗದವರಿಗೆ ಶನಿವಾರ ಕೊಯ್ಲಿಗೆ ಬರುವ ಅವಕಾಶವಿರಲಿ. ಆದರೆ ಅಲಸಂದೆಯ ಬಳ್ಳಿಯನ್ನು ಎಳೆದು ಕೊಯ್ಯುವ ಹೊಸಬರನ್ನು ಮೊದಲ ವಾರ ಗುಂಬಳ ಹೊರಲು ಹಾಕುವುದು ಕ್ಷೇಮ. 30 ಮನೆಗೆ ಬೆಳೆದು 25ಕ್ಕೆ ಮಾತು ಕೊಡುವುದು ಒಳ್ಳೆಯದು. ಉಳಿದುದು ಪೇಟೆಗೂ ಹೋದೀತು, ಮಳೆಯ ವಾರಕ್ಕೂ ಆದೀತು. ಬುಟ್ಟಿಯನ್ನು ಮನೆಮನೆಗೆ ಹೊರದೆ ಊರಿನ ಒಂದು ಜಗಲಿಯಲ್ಲಿ ಇಟ್ಟರೆ ಪೆಟ್ರೋಲಿನ ಖರ್ಚು ಉಳಿಯುತ್ತದೆ. ಏನು ಬಂತು, ಏನು ಕೊಳೆಯಿತು ಎಂಬ ಹಲಗೆಯನ್ನು ಅಲ್ಲಿಯೇ ತೂಗುಹಾಕಬಹುದು. ಕೊಳೆತದ್ದನ್ನು ಬರೆಯದ ಹಲಗೆಯನ್ನು ಯಾರೂ ಬಹುಕಾಲ ನಂಬುವುದಿಲ್ಲ.

ಬೀಜದ ವಿಷಯ ಒಂದು ಉಳಿಯಿತು. ಮಾನಂದವಾಡಿಯ ಹತ್ತಿರದ ಕಮ್ಮನದಲ್ಲಿ ಕುರಿಚ್ಯ ರೈತ ಚೆರುವಯಲ್ ರಾಮನ್ ಐವತ್ತಕ್ಕೂ ಮಿಕ್ಕ ಭತ್ತದ ತಳಿಗಳನ್ನು ಉಳಿಸಿಕೊಂಡು ಬಂದು 2023ರಲ್ಲಿ ಪದ್ಮಶ್ರೀ ಪಡೆದರು. ಅವರು ಬೀಜವನ್ನು ಮಾರುವುದಿಲ್ಲ. ಕೊಡುತ್ತಾರೆ, ಬೆಳೆದ ಮೇಲೆ ಅಷ್ಟೇ ಬೀಜ ಹಿಂದಕ್ಕೆ ಕೇಳುತ್ತಾರೆ. ತರಕಾರಿಯ ತೋಟದಲ್ಲಿಯೂ ಈ ಪದ್ಧತಿ ನಡೆಯಬಹುದು. ಆದರೆ ಬೀಜಕ್ಕೆ ಬಿಡುವ ಅಲಸಂದೆಯನ್ನು ತುಲಾವರ್ಷದ ಮಳೆಗೆ ನೆನೆಯಗೊಡಬಾರದು. ಬುಡದ ಮೊದಲ ಒಳ್ಳೆಯ ಕಾಯಿಗಳಿಗೆ ಕೆಂಪು ದಾರ ಕಟ್ಟಿ ಬಿಟ್ಟು, ಸಿಪ್ಪೆ ಒಣಗುತ್ತಲೇ ಬಿಡಿಸಿ, ಒಲೆಯ ಮೇಲಿನ ಅಟ್ಟದಲ್ಲಿ ಕಟ್ಟಬೇಕು. ಕೆಸುವಿನಲ್ಲಿ ಬುಟ್ಟಿಗೆ ದೊಡ್ಡದನ್ನು ಹಾಕಿ ಚಿಕ್ಕದನ್ನು ಬೀಜಕ್ಕೆ ತೆಗೆದಿಡುವ ಚಪಲ ಎಲ್ಲರಿಗೂ ಉಂಟು. ಮಧ್ಯಮ ಗಾತ್ರದ, ಗಾಯವಿಲ್ಲದ ಗೆಡ್ಡೆಗಳನ್ನೇ ಬೀಜಕ್ಕೆ ಆರಿಸಿ, ನೆರಳಲ್ಲಿ ಒಣಮರಳಿನ ಮೇಲೆ ಹರಡಬೇಕು. ಆ ವಾರದ ಬುಟ್ಟಿ ಒಂದು ಕಿಲೋ ಕಡಿಮೆಯಾಗುತ್ತದೆ. ಯಾಕೆ ಕಡಿಮೆಯಾಯಿತೆಂದು ಹಲಗೆಯ ಮೇಲೆ ಬರೆದುಬಿಡಬೇಕು.